ಫೆರಿ ಬಿಡದ ಮಧ್ಯಾಹ್ನ

ಸೆಪ್ಟೆಂಬರ್ ೨೧, ಭಾನುವಾರ
ಅಂಗಡಿಯಲ್ಲಿ ಕೂತು

ನನ್ನ ಮೊಂಡಿಗೆ,

ನಿನ್ನ ಕಾಗದ ಬಂದು ಎಷ್ಟೋ ದಿನವಾದರೂ ಉತ್ತರ ಬರೆಯದ ಅಪ್ಪನ ಮೇಲೆ ನಿನಗೆ ಸಿಟ್ಟು ಬಂದಿರಬೇಕು. ಬರಲಿ, ಬರಬೇಕಾದ್ದೇ. ಫೋನಿನಲ್ಲಿ ನಾನು "ಊಟ ಆಯ್ತಾ, ಅಲ್ಲಿ ಚಳಿ ಇದೆಯಾ" ಎಂದು ಕೇಳಿ ಇಟ್ಟುಬಿಡುವ ಮನುಷ್ಯ. ಪೆನ್ನು ಹಿಡಿದರೆ ಮಾತ್ರ ನನಗೆ ನಾಲ್ಕು ಮಾತು ಹೊರಡುತ್ತವೆ. ಪೆನ್ನು ಹಿಡಿಯಬೇಕಾದರೆ ಕತ್ತರಿ ಕೆಳಗಿಡಬೇಕು, ಅದೇ ಆಗಿರಲಿಲ್ಲ. ಇವತ್ತು ಅಂಗಡಿಯ ಬಾಗಿಲು ಅರ್ಧ ಎಳೆದು, ಗಿರಾಕಿಗಳ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದೇನೆ. ತಲೆ ಎತ್ತಿದರೆ ಕನ್ನಡಿಯಲ್ಲಿ ನನ್ನದೇ ಮುಖ. ಬೇರೆಯವರ ಮುಖ ನೋಡಿಕೊಂಡೇ ಆಯುಷ್ಯ ಕಳೆದವನಿಗೆ ಇದೊಂದು ಹೊಸ ಶಿಕ್ಷೆ.

ಮೊದಲು ಮನೆಯ ಸುದ್ದಿ. ನಿಮ್ಮಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಚುರುಕಾಗಿದೆ. ಮೊನ್ನೆ ಬೇಕರಿಯಲ್ಲಿ ಬೇಕರಿಯವನ ಹೆಂಡತಿ, "ನಿಮ್ಮ ಮಗಳು ಹೆದರ್ಕೊಂಡು ಫೆರೀನೇ ಬಿಡಲಿಲ್ವಂತಲ್ಲ" ಎಂದಳಂತೆ. ನಿಮ್ಮಮ್ಮ ಕೈಯಲ್ಲಿದ್ದ ಬ್ರೆಡ್ಡನ್ನು ಅಲ್ಲೇ ಇಟ್ಟು, "ಹೆದರೋರು ಸುಮ್ನೆ ಜನರ ಮಾತು ಕೇಳ್ಕೊಂಡು ಬಿಟ್ಟುಬಿಡ್ತಾರಮ್ಮ. ಅಷ್ಟು ಜನರ ಎದುರು ನಿಂತು ಇಲ್ಲ ಅನ್ನೋಕೆ ಧೈರ್ಯ ಬೇಕು" ಎಂದು ಹೇಳಿ ಬಂದಳು. ಅಂದಿನಿಂದ ನಮ್ಮ ಬ್ರೆಡ್ಡು ಎರಡು ಬೀದಿ ಆಚೆಯಿಂದ ಬರುತ್ತಿದೆ. ಅದು ಇಟ್ಟಿಗೆಯಷ್ಟು ಗಟ್ಟಿ. ನಿನ್ನ ಮಾನ ಕಾಯುವ ಕೆಲಸ ಸದ್ಯಕ್ಕೆ ನನ್ನ ಹಲ್ಲುಗಳ ಮೇಲೆ ಬಿದ್ದಿದೆ.

ಅತ್ತೆಯ ವಿಷಯಕ್ಕೆ ನೀನು ಇಷ್ಟೊಂದು ಕೊರಗುವುದು ಬೇಡ. ಕೊನೆಗಾಲದಲ್ಲಿ ನಾವ್ಯಾರೂ ಹತ್ತಿರ ಇರಲಿಲ್ಲವಲ್ಲ ಎಂದು ಬರೆದಿದ್ದೀಯ. ನಾನು ಅದರ ಹಿಂದಿನ ವಾರವೇ ಆಚೆ ದಡಕ್ಕೆ ಹೋಗಿ, ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತು, ಬೇಕಾದಷ್ಟು ಮಾತಾಡಿ ಬಂದಿದ್ದೆ. ಅಕ್ಕನಿಗೂ ನನಗೂ ಹೇಳಿಕೊಳ್ಳುವುದು ಏನೂ ಬಾಕಿ ಉಳಿದಿರಲಿಲ್ಲ.

ಇನ್ನು ಊರಿನ ಮಾತು. ಕ್ಷೌರದಂಗಡಿ ಇಟ್ಟುಕೊಂಡವನು ಕಿವಿ ಮುಚ್ಚಿಕೊಳ್ಳುವ ಹಾಗಿಲ್ಲ, ಎರಡು ಕೈಗೂ ಕೆಲಸ. ಜನ ಹೇಳುವ ಕಥೆ ಇಷ್ಟು: ಆಕಾಶ ತಿಳಿಯಾಗಿತ್ತು, ಕೊಲ್ಲಿಯ ನೀರು ಅಲುಗುತ್ತಿರಲಿಲ್ಲ, ಫೆರಿ ತುಂಬುವಷ್ಟು ಜನ ಬಿಸಿಲಿನಲ್ಲಿ ಸಾಲು ನಿಂತಿದ್ದರು. ಕ್ಯಾಪ್ಟನ್ ಕೆಳಗಿಳಿದು ಬಂದು, "ಗಾಳಿಯ ಮುನ್ಸೂಚನೆ ಇದೆ, ಮಧ್ಯಾಹ್ನದ ಫೆರಿ ಹೋಗೋದಿಲ್ಲ" ಎಂದಳು. ಜನ ಬೈದರು, ಕಾಡಿದರು, ಕೈಮುಗಿದರು. ಅವಳು ಜಪ್ಪಯ್ಯ ಅನ್ನಲಿಲ್ಲ. ಸಂಜೆಯವರೆಗೆ ಕಾದರೂ ಗಾಳಿ ಬರಲೇ ಇಲ್ಲ.

ಇದಕ್ಕೆ ಒಗ್ಗರಣೆ ಹಾಕಿದವನು ಊರೆಲ್ಲ ಗಡಿಬಿಡಿ ಎಂದು ಕರೆಯುವ ಆ ಮೋಟಾರು ದೋಣಿಯವನು. ನೀನು ಇಲ್ಲವೆಂದ ಮೇಲೆ ಅವನು ತನ್ನ ದೋಣಿಯಲ್ಲಿ ಕೆಲವರನ್ನು ಕೂರಿಸಿಕೊಂಡು ಆಚೆ ದಡಕ್ಕೆ ಹೋಗಿ ಬಂದನಲ್ಲ, ಆ ಸಂಗತಿಯನ್ನು ಇದೇ ಕುರ್ಚಿಯಲ್ಲಿ ಕೂತು ಊರಿಗೆಲ್ಲ ಕೇಳುವಂತೆ ಹೇಳಿದ. "ಒಬ್ಬರ ಚಪ್ಪಲೀನೂ ಒದ್ದೆ ಆಗ್ಲಿಲ್ಲ ಕಣ್ರಿ. ಸಮುದ್ರ ನೋಡಿದ್ರೆ ಸಾಕು, ಓದಿದ್ದೇ ಬೇಕಾ?" ಎಂದ. ಆಮೇಲೆ ಕನ್ನಡಿಯಲ್ಲಿ ನನ್ನ ಕಣ್ಣು ಅವನಿಗೆ ಸಿಕ್ಕಿತು. ಅಲ್ಲಿಗೆ ಸುಮ್ಮನಾದ. ನಾನೂ ಅವನ ಕಿವಿಯ ಹಿಂದಿನ ಕೂದಲನ್ನು ಎಂದಿನಷ್ಟೇ ನೀಟಾಗಿ ತೆಗೆದು ಕಳಿಸಿದೆ. ನನ್ನ ಸಿಟ್ಟಿಗೆ ಅವನ ತಲೆ ಯಾಕೆ ಹಾಳಾಗಬೇಕು?

ಫೆರಿ ನಿಲ್ಲುವ ಜೆಟ್ಟಿಯ ಮ್ಯಾನೇಜರ್ ಕೂಡ ಬಂದಿದ್ದರು. ಕೆನ್ನೆಗೆ ನೊರೆ ಹಚ್ಚುವವರೆಗೆ ಸುಮ್ಮನಿದ್ದು, ಆಮೇಲೆ ಶುರು ಮಾಡಿದರು. "ನಿಮ್ಮ ಮಗಳು ಬುದ್ಧಿವಂತೆ, ನಾನಿಲ್ಲ ಅನ್ನಲ್ಲ. ಆದ್ರೆ ಕಂಪನಿ ಅಂದ್ಮೇಲೆ ಸ್ವಲ್ಪ ಬಗ್ಗಬೇಕು ಯಜಮಾನ್ರೇ. ನೀವೇ ಒಂದು ಮಾತು ಹೇಳಿ ಅವಳಿಗೆ." ನಾನು ಕತ್ತಿಯನ್ನು ಅವರ ಗಂಟಲ ಹತ್ತಿರ ತಂದು, "ಈಗ ಮಾತಾಡಬೇಡಿ ಸಾರ್, ಚರ್ಮ ಅಲುಗಿದ್ರೆ ಕೈ ಜಾರುತ್ತೆ" ಎಂದೆ. ನಿಜವಾಗಿ ನನ್ನ ಕೈ ಜಾರುವುದಿಲ್ಲ, ನಿನಗೆ ಗೊತ್ತು. ಆದರೂ ಅಷ್ಟು ಸದ್ದಿಲ್ಲದ ಕ್ಷೌರವನ್ನು ನಾನು ಈಚೆಗೆ ಮಾಡಿರಲಿಲ್ಲ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಹೆಡ್ಡಾಫೀಸಿನಲ್ಲಿ ನಿನ್ನನ್ನು ಖಾಲಿ ಕೋಣೆಯೊಂದರಲ್ಲಿ ಕೂರಿಸಿದ್ದಾರೆ, ವಿಚಾರಣೆ ಮುಗಿಯುವ ತನಕ ಚುಕ್ಕಾಣಿ ಮುಟ್ಟುವ ಹಾಗಿಲ್ಲ ಎಂದು ಬರೆದಿದ್ದೀಯ. ಕಂಪನಿಯ ವಕೀಲರು, "ಅಂದಾಜು ತಪ್ಪಿತು ಅಂತ ಎರಡು ಸಾಲು ಬರೆದುಕೊಡಿ, ಎಚ್ಚರಿಕೆ ಕೊಟ್ಟು ವಾಪಸ್ ಕಳಿಸ್ತಾರೆ. ಹಟ ಮಾಡಿದ್ರೆ ಕ್ಯಾಪ್ಟನ್ ಹುದ್ದೆ ಉಳಿಯೋದು ಕಷ್ಟ" ಎಂದಿದ್ದಾರೆ ಎಂದೂ ಬರೆದಿದ್ದೀಯ. "ಅಪ್ಪಾ, ಏನು ಮಾಡಲಿ?" ಎಂದು ಕೇಳಿದ್ದೀಯ.

ಗಾಳಿ, ನೀರು ನನಗೆ ಅರ್ಥವಾಗುವ ವಿಷಯವಲ್ಲ. ಆ ದಿನ ಫೆರಿ ಬಿಡಬೇಕಿತ್ತೋ ಬಿಡಬಾರದಿತ್ತೋ, ನಾನು ಹೇಳಿದರೆ ಅದು ಅಪ್ಪನ ಮಾತಾದೀತೇ ಹೊರತು ತಿಳಿದವನ ಮಾತಾಗುವುದಿಲ್ಲ. ನನಗೆ ತೋಚುವುದು ಇಷ್ಟು. ಕೂತು ನಿನ್ನನ್ನೇ ಕೇಳಿಕೋ. ತಪ್ಪಾಗಿದೆ ಎನಿಸಿದರೆ ತಪ್ಪು ಎಂದು ಬರೆದುಕೊಡು, ಅದರಲ್ಲಿ ಅವಮಾನವೇನಿಲ್ಲ. ತಪ್ಪಾಗಿಲ್ಲ ಎನಿಸಿದರೆ ಕೆಲಸ ಉಳಿಸಿಕೊಳ್ಳಲಿಕ್ಕೆ ಮಾತ್ರ ತಪ್ಪು ಎನ್ನಬೇಡ. ಮುಂದೊಂದು ದಿನ ಗಾಳಿ ನಿಜವಾಗಿ ಬರುವುದಿರುತ್ತದೆ. ಅವತ್ತು ನೀನು ಬರೆದುಕೊಟ್ಟ ಆ ಎರಡು ಸಾಲು ನಿನ್ನ ಪಕ್ಕದಲ್ಲೇ ನಿಂತು, ಬಿಡು ಬಿಡು ಎಂದು ಪಿಸುಗುಟ್ಟುತ್ತವೆ.

ಹುದ್ದೆ ಹೋದರೆ ಮನೆಗೆ ಬಾ. ಮನೆಯಲ್ಲಿ ನಿನ್ನ ಕೋಣೆ ಇದೆ. ಗಟ್ಟಿ ಬ್ರೆಡ್ಡೂ ಇದೆ.

ತಲೆ ಎತ್ತಿಕೊಂಡೇ ಇರು. ನಿನ್ನ ತಲೆಗೆ ಮೊದಲ ಕತ್ತರಿ ಹಾಕಿದವನು ನಾನೇ, ಅದು ಬಗ್ಗಿಸಿದರೆ ಬಗ್ಗುವ ತಲೆಯಲ್ಲವೆಂದು ಅವತ್ತೇ ಗೊತ್ತಾಗಿದೆ. ನಮ್ಮಿಬ್ಬರ ಆಶೀರ್ವಾದ ನಿನ್ನ ಬೆನ್ನಿಗಿದೆ.

ನಿನ್ನ
ಅಪ್ಪ


ನವೆಂಬರ್ ೩೦, ಭಾನುವಾರ
ಮನೆಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ

ನನ್ನ ಮೊಂಡಿಗೆ,

ಮತ್ತೆ ತಡ. ಈ ಸಲ ನೆಪ ಹೇಳುವುದಿಲ್ಲ. ನಿನ್ನ ಉದ್ದನೆಯ ಕಾಗದವನ್ನು ಎಷ್ಟು ಸಲ ಓದಿದೆನೆಂದರೆ ಮಡಿಕೆಯ ಜಾಗದಲ್ಲಿ ಹರಿಯತೊಡಗಿದೆ. ಮೊದಲ ಸಲ ಓದಿದ್ದು ನಿಮ್ಮಮ್ಮನಿಗೆ, ಗಟ್ಟಿಯಾಗಿ. ಅವಳು ಒಲೆ ಆರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಎದುರಿಗೆ ಕೂತಳು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಮಾತು ಕೇಳಲಿಕ್ಕೆ ಅವಳು ಒಲೆ ಆರಿಸಿದ್ದು ಅದೇ ಮೊದಲು.

ವಿಚಾರಣೆಯ ಕೋಣೆಯನ್ನು ನೀನು ಬರೆದ ರೀತಿ ಹೇಗಿತ್ತೆಂದರೆ ನಾವೂ ಅಲ್ಲೇ ಬೆಂಚಿನ ಮೇಲೆ ಕೂತಂತಾಯಿತು. ಉದ್ದ ಮೇಜು, ಆಚೆ ಕಡೆ ಕಂಪನಿಯ ಸಾಹೇಬರು, ವಕೀಲರು, ಕೊನೆಯಲ್ಲಿ ಕಿವಿ ಸರಿಯಾಗಿ ಕೇಳದ ಆ ನಿವೃತ್ತ ಕ್ಯಾಪ್ಟನ್. ಸಾಹೇಬರು ಮೊದಲೇ ಕೇಳಿದರಂತಲ್ಲ:

"ಗಾಳಿ ಬಂತೇನಮ್ಮ?"

"ಇಲ್ಲ ಸಾರ್."

"ಮತ್ತೆ? ನಿಮ್ಮ ತೀರ್ಮಾನ ತಪ್ಪು ಅಂತ ಆಯ್ತಲ್ಲ."

ನಿನ್ನ ಉತ್ತರದ ಸಾಲಿಗೆ ಬಂದು ನಾನು ಓದುವುದನ್ನು ನಿಲ್ಲಿಸಿದೆ. ನಿಮ್ಮಮ್ಮ ಕಾಗದ ಕಿತ್ತುಕೊಂಡು ತಾನೇ ಓದಿದಳು.

"ಗಾಳಿ ಬರಲಿಲ್ಲ ಅಂತ ಗೊತ್ತಾಗಿದ್ದು ಸಂಜೆ ಸಾರ್. ನಾನು ತೀರ್ಮಾನ ಮಾಡಬೇಕಾಗಿದ್ದು ಮಧ್ಯಾಹ್ನ. ಮಧ್ಯಾಹ್ನ ನನಗೆ ಏನೇನು ಗೊತ್ತಿತ್ತು ಅಂತ ಕೇಳಿ, ಹೇಳ್ತೀನಿ. ಸಂಜೆ ಗೊತ್ತಾಗಿದ್ದನ್ನ ಇಟ್ಕೊಂಡು ಮಧ್ಯಾಹ್ನವನ್ನ ಅಳೀಬೇಡಿ."

ಆಮೇಲೆ ನೀನು ಒಂದೊಂದಾಗಿ ಹೇಳಿದೆಯಂತೆ. ಬೆಳಗಿನಿಂದ ಇಳಿಯುತ್ತಲೇ ಇದ್ದ ವಾಯುಭಾರ, ಹವಾಮಾನದವರು ಕೊಟ್ಟ ಎಚ್ಚರಿಕೆ, ಕೊಲ್ಲಿಯ ಬಾಯಿಯಲ್ಲಿ ಇಳಿತದ ನೀರು ಎದುರು ಬರುವ ಹೊತ್ತು, ಹೊರಟ ಮೇಲೆ ಅರ್ಧದಲ್ಲಿ ಹಿಂದೆ ತಿರುಗಲಾಗದ ಆ ಇಕ್ಕಟ್ಟಿನ ಜಾಗ. "ಗಾಳಿ ಬಂದೇ ಬರುತ್ತೆ ಅಂತ ನಾನು ಹೇಳಲಿಲ್ಲ. ಬರಬಹುದು ಅಂತ ಇತ್ತು. ಬಂದ್ರೆ ಆಗೋ ನಷ್ಟಕ್ಕೆ ಪರಿಹಾರ ಇರ್ಲಿಲ್ಲ. ಬರದೇ ಇದ್ರೆ ಜನ ನನ್ನ ಬೈತಾರೆ, ಅಷ್ಟೇ" ಎಂದೆಯಂತೆ. ಬೈಗುಳವನ್ನು ಇಷ್ಟು ಸಲೀಸಾಗಿ ತಕ್ಕಡಿಯಲ್ಲಿ ಇಟ್ಟ ಮಗಳು ನನ್ನವಳೇ ಎಂದು ನಾನು ನಿಮ್ಮಮ್ಮನ ಮುಖ ನೋಡಿದೆ. ಅವಳು ಆಗಲೇ ತನ್ನವಳೆಂದು ತೀರ್ಮಾನಿಸಿ ಕೂತಿದ್ದಳು.

ಆ ಮುದುಕ ಕ್ಯಾಪ್ಟನ್ ದೊಡ್ಡ ಮನುಷ್ಯ. ಅದೇ ಮಧ್ಯಾಹ್ನದ ಮಾಹಿತಿಯನ್ನು, ಮುಂದೇನಾಯಿತೆಂದು ಬಾಯಿ ಬಿಡದೆ, ಬೇರೆ ಬಂದರುಗಳ ಕ್ಯಾಪ್ಟನ್ನರ ಮುಂದಿಟ್ಟು ಕೇಳಿದ್ದರಂತಲ್ಲ. ಹೆಚ್ಚಿನವರು ಬಿಡುತ್ತಿರಲಿಲ್ಲ ಎಂದರು, ಕೆಲವರು ಬಿಡುತ್ತಿದ್ದೆವು ಎಂದರು. ಆ ಕೆಲವರ ಮಾತನ್ನೂ ನೀನು ಮುಚ್ಚಿಡದೆ ಬರೆದದ್ದು ನನಗೆ ಇಷ್ಟವಾಯಿತು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಎದೆ ಉಬ್ಬಿದ್ದು ಅದರ ಮುಂದಿನ ಮಾತಿಗೆ. ಎಲ್ಲ ಮುಗಿಯಿತು, ನಿಮ್ಮದೇನೂ ತಪ್ಪಿಲ್ಲ ಎಂದು ಅವರು ಏಳುತ್ತಿದ್ದಾಗ ನೀನೇ ತಡೆದು, "ಒಂದು ತಪ್ಪಿದೆ ಸಾರ್" ಎಂದೆಯಂತೆ. "ಹೋಗೋದು ಅನುಮಾನ ಅಂತ ನನಗೆ ಬೆಳಿಗ್ಗೆನೇ ಗೊತ್ತಿತ್ತು. ಹವಾಮಾನ ಸುಧಾರಿಸಬಹುದು ಅಂತ ಮಧ್ಯಾಹ್ನದ ತನಕ ಬಾಯಿ ಬಿಡಲಿಲ್ಲ. ಬೆಳಿಗ್ಗೆನೇ ಬೋರ್ಡ್ ಹಾಕಿದ್ದಿದ್ರೆ, ಅವಸರ ಇದ್ದೋರು ಸುತ್ತುಬಳಸಿ ಹೋಗೋ ಬೆಳಗಿನ ಬಸ್ಸನ್ನಾದ್ರೂ ಹಿಡೀತಿದ್ರು. ಬಿಡಲ್ಲ ಅಂದಿದ್ದು ಸರಿ, ಹೇಳಿದ್ದು ತಡ." ಗೆದ್ದವರು ಸಾಮಾನ್ಯವಾಗಿ ಗೆದ್ದ ಜಾಗದಿಂದ ಬೇಗ ಹೊರಟುಬಿಡುತ್ತಾರೆ. ನೀನು ನಿಂತು, ಎಲ್ಲಿ ಎಡವಿದೆ ಎಂದು ಹುಡುಕಿದೆ. ಇದನ್ನು ನಾನು ನಿನಗೆ ಕಲಿಸಿದ್ದಲ್ಲ. ನನಗೇ ಬರುವುದಿಲ್ಲ.

ನನಗೆ ಬರುವುದಿಲ್ಲ ಎಂದದ್ದು ಸುಮ್ಮನೆ ಅಲ್ಲ. ಈ ಜೆಟ್ಟಿಯ ಎದುರಿನ ಅಂಗಡಿಯನ್ನು ಹಿಡಿದದ್ದು ನನ್ನ ದೂರದೃಷ್ಟಿ ಎಂದು ನಿಮ್ಮಿಬ್ಬರಿಗೂ ಎಷ್ಟು ಸಲ ಜಂಬ ಕೊಚ್ಚಿದ್ದೇನೆ ನೆನಪಿದೆಯೇ? ನಾನು ಅಂಗಡಿ ಹಿಡಿದಾಗ ಇಲ್ಲಿ ಜೆಟ್ಟಿಯೇ ಇರಲಿಲ್ಲ. ಸೋದರಮಾವ ಬೇಡವೆಂದರು, ಪೇಟೆಯವರು ನಕ್ಕರು, ನಾನು ಯಾರನ್ನೂ ಏನೂ ಕೇಳದೆ ಮೊಂಡುತನಕ್ಕೆ ಹಿಡಿದೆ. ಆಮೇಲೆ ಸರ್ಕಾರ ಜೆಟ್ಟಿಯನ್ನು ಇಲ್ಲಿಗೆ ತಂದಿತು, ಗಿರಾಕಿಗಳು ತಾವಾಗಿಯೇ ಬಾಗಿಲಿಗೆ ಬಂದರು. ನಿನ್ನ ಕಾಗದ ಓದಿದ ಮೇಲೆ ಹೊಳೆಯಿತು, ಅದು ಒಳ್ಳೆಯ ತೀರ್ಮಾನವಲ್ಲ, ಕುರುಡು ಅದೃಷ್ಟ. ಫಲ ಸಿಹಿಯಾಯಿತೆಂದು ಬುದ್ಧಿಗೆ ಶಾಲು ಹೊದಿಸಿಕೊಂಡು ಓಡಾಡಿದೆ. ನಿಮ್ಮಮ್ಮನಿಗೆ ಹೇಳಿದರೆ, "ಈಗಲಾದ್ರೂ ಒಪ್ಪಿಕೊಂಡ್ರಲ್ಲ" ಎಂದು ಒಲೆ ಹಚ್ಚಲು ಎದ್ದಳು.

ಅಂಗಡಿಯ ಸುದ್ದಿ ಕೇಳು. ನಿನ್ನನ್ನು ಮತ್ತೆ ಚುಕ್ಕಾಣಿಗೆ ಕೂರಿಸುತ್ತಾರೆ, ಅದಕ್ಕೂ ಮೊದಲು ಕೆಲವು ತಿಂಗಳು ಹೊಸ ಕ್ಯಾಪ್ಟನ್ನರಿಗೆ ಪಾಠ ಹೇಳಲು ಅಲ್ಲೇ ಇರಿಸಿಕೊಳ್ಳುತ್ತಾರೆ ಎಂಬ ಸುದ್ದಿ ನಿನ್ನ ಕಾಗದಕ್ಕಿಂತ ಮೊದಲೇ ಇಲ್ಲಿಗೆ ತಲುಪಿತ್ತು. ಮ್ಯಾನೇಜರ್ ಬಂದು, "ನಾನು ಮೊದಲಿಂದ್ಲೂ ಹೇಳ್ತಿದ್ದೆ, ಆ ಹುಡುಗೀದು ಗಟ್ಟಿ ತಲೆ" ಎಂದು ಕುರ್ಚಿಯಲ್ಲಿ ಒರಗಿದರು. ಹಾಗೆ ಹೇಳಿದ್ದಂತೂ ನಿಜ, ಅರ್ಥ ಮಾತ್ರ ಈಗ ಬದಲಾಗಿದೆ. ನಾನು ಈ ಸಲ ಕತ್ತಿ ತೋರಿಸಲಿಲ್ಲ, ಬೇಕಾದಷ್ಟು ಮಾತಾಡಲು ಬಿಟ್ಟೆ. ಜೆಟ್ಟಿಯ ಬಾಗಿಲಲ್ಲಿ ಈಗ ದೊಡ್ಡ ಕರಿ ಹಲಗೆ ನೇತುಹಾಕಿದ್ದಾರೆ. ಬೆಳಿಗ್ಗೆ ಬೆಳಿಗ್ಗೆಯೇ ಅದರ ಮೇಲೆ ಬರೆಯುತ್ತಾರೆ: ಹೋಗುತ್ತದೆ, ಅನುಮಾನ, ಹೋಗುವುದಿಲ್ಲ. ಜನ ಅದಕ್ಕೆ "ಕ್ಯಾಪ್ಟನಮ್ಮನ ಹಲಗೆ" ಎನ್ನುತ್ತಾರೆ. ನಾನು ದಿನಾ ಅಂಗಡಿ ತೆರೆಯುವ ಮೊದಲು ಹೋಗಿ, ಎಲ್ಲಿಗೂ ಹೋಗಬೇಕಾಗಿಲ್ಲದಿದ್ದರೂ ಓದಿ ಬರುತ್ತೇನೆ.

ಗಡಿಬಿಡಿ ಮಾತ್ರ ಬದಲಾಗಿಲ್ಲ. "ನಾನಾಗಿದ್ರೆ ಈಗಲೂ ಬಿಡ್ತಿದ್ದೆ" ಎನ್ನುತ್ತಾನೆ. ಎನ್ನಲಿ. ಬೇಕರಿಯ ಜಗಳ ಮುಗಿದಿದೆ, ಬ್ರೆಡ್ಡು ಮತ್ತೆ ಮೆತ್ತಗಾಗಿದೆ.

ಪಾಠ ಹೇಳುವಾಗ ಗಂಟಲು ಒಣಗುತ್ತದೆ ಎಂದಿದ್ದೀಯ, ಬಿಸಿನೀರು ಕುಡಿ. ಹೊಸಬರ ಮೇಲೆ ರೇಗಬೇಡ, ಅವರಲ್ಲೂ ನಿನ್ನಂಥ ಮೊಂಡರು ಇರುತ್ತಾರೆ. ನೀನು ಹಿಡಿದ ಚುಕ್ಕಾಣಿ ನಿನ್ನ ಕೈಗೆ ಹಗುರವಾಗಿರಲಿ, ನಿನ್ನ ಫೆರಿ ಹತ್ತಿದವರೆಲ್ಲ ನೆಮ್ಮದಿಯಿಂದ ಇಳಿದು ತಂತಮ್ಮ ಮನೆ ಸೇರಲಿ. ನಾವಿಬ್ಬರೂ ಮನಸ್ಸು ತುಂಬಿ ಹರಸಿದ್ದೇವೆ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಕಾಗದ ಮಡಿಸಿ ಇಟ್ಟಿದ್ದೆ. ನಿಮ್ಮಮ್ಮ, "ಅವಳು ಕೇಳಿದ್ದಕ್ಕೆ ಉತ್ತರ ಬರೆದ್ರಾ?" ಎಂದು ಕೇಳಿದಳು. ಬರೆದಿಲ್ಲ ಎಂದೆ. "ಹೇಳಿಬಿಡಿ. ಅವಳು ತಡ್ಕೋತಾಳೆ" ಎಂದಳು.

ನಿನ್ನ ತರಗತಿಯ ಹುಡುಗಿಯೊಬ್ಬಳು, "ಆ ದಿನ ಸಾಲಿನಲ್ಲಿ ನಿಮ್ಮವರೇ ಯಾರಾದ್ರೂ ನಿಂತಿದ್ದಿದ್ರೆ ಮೇಡಂ?" ಎಂದು ಕೇಳಿದಳು, ಏನು ಹೇಳಬೇಕೋ ತೋಚಲಿಲ್ಲ ಎಂದು ಬರೆದಿದ್ದೀಯ.

ನಾನಿದ್ದೆ, ಮಗಳೇ.

ಅವತ್ತು ಬೆಳಿಗ್ಗೆ ಆಸ್ಪತ್ರೆಯಿಂದ ಅಂಗಡಿಗೆ ಫೋನ್ ಬಂದಿತ್ತು. ಅಕ್ಕನಿಗೆ ಜೋರಾಗಿದೆ, ಬೇಗ ಬನ್ನಿ ಎಂದರು. ನೀನು ಅಷ್ಟರಲ್ಲಿ ಕೆಲಸಕ್ಕೆ ಹೋಗಿಯಾಗಿತ್ತು, ಬೆಳಗಿನ ಫೆರಿಯೂ ಹೊರಟಾಗಿತ್ತು. ಮಧ್ಯಾಹ್ನದ ಫೆರಿಗೆ ಟಿಕೆಟ್ ತೆಗೆದುಕೊಂಡು ಸಾಲಿನಲ್ಲಿ ನಿಂತೆ. ನೀನು ಮೆಟ್ಟಿಲಿಳಿದು ಬರುವುದು ಕಂಡಿತು. ಮುಖ ನೋಡಿದ ತಕ್ಷಣ ನೀನು ಇಲ್ಲವೆನ್ನಲು ಬರುತ್ತಿದ್ದೀಯೆಂದು ಗೊತ್ತಾಯಿತು. ನಾನು ಟಿಕೆಟ್ ಕೋಣೆಯ ಗೋಡೆಯ ಹಿಂದೆ ಸರಿದು ನಿಂತೆ. ನನ್ನನ್ನು ಕಂಡರೆ ಯಾಕೆ ಬಂದೆ ಎಂದು ನೀನು ಕೇಳುತ್ತಿದ್ದೆ, ಅತ್ತೆಯ ವಿಷಯ ತಿಳಿಯುತ್ತಿತ್ತು. ಅಷ್ಟು ಜನರ ಜೀವದ ಜೊತೆಗೆ ಅಪ್ಪನ ಮುಖವನ್ನೂ ಇಟ್ಟು ತೂಗುವ ಸಂಕಟ ನಿನಗೆ ಬೇಡವಾಗಿತ್ತು.

ಗಡಿಬಿಡಿ ನನ್ನನ್ನು ಅಲ್ಲಿ ಕಂಡ. ಕೈ ಹಿಡಿದು, "ಬನ್ನಿ ಅಣ್ಣ, ನಾನು ಬಿಡ್ತೀನಿ" ಎಂದು ಕರೆದ. ನಾನು ದೋಣಿಯ ತನಕ ಹೋದೆ, ಹತ್ತಲಿಲ್ಲ. ನಿನ್ನ ಮಾತನ್ನು ನಾನೇ ನಂಬದಿದ್ದರೆ ಇನ್ನು ಯಾರು ನಂಬಬೇಕು? ದೋಣಿ ಹೋಗಿ ಕ್ಷೇಮವಾಗಿ ತಲುಪಿತು. ಅಕ್ಕ ಸಂಜೆ ಹೋದಳು. ನಾನು ದೋಣಿಯ ತನಕ ಹೋಗಿ ಹಿಂದಿರುಗಿದ್ದನ್ನು ಗಡಿಬಿಡಿ ಇಂದಿಗೂ ಯಾರ ಬಳಿಯೂ ಹೇಳಿಲ್ಲ.

ಮರುದಿನ ಬೆಳಗಿನ ಫೆರಿಯ ಕೆಳ ಅಂತಸ್ತಿನಲ್ಲಿ ಕೂತು ಹೋದೆ. ನೀನೇ ನಡೆಸುತ್ತಿದ್ದೆ. ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಹೆಂಗಸು ಹೇಳಿದರು, ಫೆರಿ ಇಲ್ಲವೆಂದು ಯಾರೋ ಅಕ್ಕನಿಗೆ ತಿಳಿಸಿದರಂತೆ. "ನಮ್ಮ ಹುಡುಗಿ ಬಿಡಲ್ಲ ಅಂದ್ರೆ ಬಿಡಲ್ಲ" ಎಂದು ನಕ್ಕಳಂತೆ. ಆಮೇಲೆ ಗೋಡೆಯ ಕಡೆಗೆ ತಿರುಗಿ ಮಲಗಿದಳಂತೆ. ಹಿಂದಿನ ವಾರ ಹೋಗಿದ್ದೆ ಎಂದು ನಿನಗೆ ಬರೆದದ್ದು ಸುಳ್ಳು. ನಾನು ಅವಳನ್ನು ನೋಡಿ ಎರಡು ತಿಂಗಳಾಗಿತ್ತು.

ಇನ್ನೂ ಒಂದನ್ನು ಮುಚ್ಚಿಡುವುದಿಲ್ಲ. ಬೆಳಿಗ್ಗೆಯೇ ಹಲಗೆ ಇದ್ದಿದ್ದರೆ ನಾನು ಬಸ್ಸು ಹಿಡಿಯುತ್ತಿದ್ದೆ. ಹೇಳಿದ್ದು ತಡ ಎಂದು ನೀನೇ ಕಂಡುಕೊಂಡೆಯಲ್ಲ, ಅದು ಎಷ್ಟು ನಿಜವೆಂದು ನಿನಗೆ ತಿಳಿದಿರಬೇಕು.

ದೋಣಿ ಹತ್ತಬೇಕಿತ್ತು, ಹತ್ತಬೇಕಿತ್ತು ಎಂದು ನಾನು ಆ ದಿನದಿಂದ ಒಳಗೇ ಬೇಯುತ್ತಿದ್ದೆ. ಸಂಜೆ ಗೊತ್ತಾದದ್ದರಿಂದ ಮಧ್ಯಾಹ್ನವನ್ನು ಅಳೆಯಬೇಡಿ ಎಂದು ನೀನು ಆ ಸಾಹೇಬರಿಗೆ ಹೇಳಿದೆಯಲ್ಲ, ಆ ಮಾತು ಓದಿದ ದಿನ ನನಗೆ ನಿದ್ದೆ ಬಂತು. ದುಃಖ ಹೋಗಿಲ್ಲ. ಬೇಯುವುದು ನಿಂತಿದೆ.

ಓದಿ ಅಳು ಬಂದರೆ ಅತ್ತುಬಿಡು. ಮುಖ ತೊಳೆದುಕೊಂಡು ತರಗತಿಗೆ ಹೋಗು. ಆ ಹುಡುಗಿ ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ, ಅವಳನ್ನು ಕಾಯಿಸಬೇಡ. ಇದ್ದರು ಎಂದು ಹೇಳು. ನಮ್ಮಪ್ಪ ಇದ್ದರು, ಫೆರಿ ಬಿಡಲಿಲ್ಲ ಎಂದು ಹೇಳು.